ಅತ್ಯಗತ್ಯವಾದವು ಮಾತ್ರ

ಲಿಯೆಪಾಯಾದ ನಮ್ಮ ಅಡುಗೆಮನೆಯಲ್ಲಿ
ಕಂಪ್ಯೂಟರ್ ಒಂದೇ, ಕುರ್ಚಿ ಎರಡು.
ಬೆಳಗ್ಗೆ ನನ್ನದು: ಹವಾಮಾನ, ಹೆಣಿಗೆಯ ನಮೂನೆ,
ಯಾರು ತೀರಿಕೊಂಡರೆಂಬ ಪಟ್ಟಿ.
ರಾತ್ರಿ ವಿಸ್ವಾಲ್ದಿಸನದು: ಚದುರಂಗ,
ಟಾರ್ಟುವಿನ ಯಾವನೋ ಕಾಣದ ಎದುರಾಳಿ.

ಪಿಯಾನೊಗಳಿಗೆ ಶ್ರುತಿ ಕೂಡಿಸುವುದು ಅವನ ಕಸುಬು,
ನಲವತ್ತೊಂದು ವರ್ಷದಿಂದ.
ಈ ಊರಿನ ಗಾಳಿಗೆ, ಕಡಲ ತೇವಕ್ಕೆ
ತಂತಿಗಳು ಸಡಿಲುತ್ತಲೇ ಇರುತ್ತವೆ,
ಹಾಗಾಗಿ ನಮ್ಮ ರೊಟ್ಟಿಗೆ ಬೆಣ್ಣೆ.

ಮಾರ್ಚ್ ತಿಂಗಳ ಒಂದು ಬೆಳಗ್ಗೆ
ಕೈಗವಸಿನ ನಮೂನೆಯ ಪಕ್ಕದಲ್ಲಿ
ಒಂದು ಕಿವಿ ಬಂದು ಕೂತಿತು.
ನಸುಗೆಂಪು ಕಿವಿ, ಹಿಂದೆ ಅವರೆಕಾಳಿನಷ್ಟು ಯಂತ್ರ.
ಮುಚ್ಚಿದೆ.
ಹವಾಮಾನದಲ್ಲೂ ಕಿವಿ:
ಗಾಳಿ ಸೆಕೆಂಡಿಗೆ ಹದಿನೆಂಟು ಮೀಟರ್,
'ಮೊಮ್ಮಕ್ಕಳ ಪಿಸುಮಾತು ಮತ್ತೆ ಕೇಳಿ.'
ನಮಗೆ ಮೊಮ್ಮಕ್ಕಳಿಲ್ಲ.
ಸತ್ತವರ ಪಟ್ಟಿಯ ಕೆಳಗೂ ಕಿವಿ,
ಕಂತಿನಲ್ಲಿ ಕೊಳ್ಳಬಹುದಂತೆ.

ಗೋಡೆಗೂ ಕಿವಿಯುಂಟು ಅನ್ನುತ್ತಾರಲ್ಲ,
ನಮ್ಮ ಗೋಡೆಗೆ ಬಾಯಿಯೂ ಇತ್ತು.

ಬುಧವಾರಗಳಂದು ವಾಚನಾಲಯದಲ್ಲಿ ಮುದುಕರಿಗೆ
ಬಿಟ್ಟಿ ಪಾಠ ಹೇಳುವ ಹುಡುಗ ರೆನಾರ್ಸ್ ನಕ್ಕ:
'ಕುಕಿ ಅಂದರೆ ತಿನ್ನೋದಲ್ಲ, ಮುದೀತೆ.
ಅಂಗಡಿಗೆ ಹೋಗ್ತೀರಿ, ಏನೂ ಕೊಳ್ಳದೆ ಬರ್ತೀರಿ,
ಅಷ್ಟರಲ್ಲಿ ನಿಮ್ಮ ಕೋಟಿನ ಬೆನ್ನಿಗೆ
ಯಾರೋ ಚೀಟಿ ಅಂಟಿಸಿರ್ತಾರೆ.
ನಿಮಗೆ ಕಾಣೋದಿಲ್ಲ. ಮುಂದಿನ ಅಂಗಡೀಲಿ ಓದ್ತಾರೆ.'
'ಕೊಳ್ಳೋಕೆ ಹೋದವಳು ನಾನಲ್ಲ' ಎಂದೆ.
'ಹಾಗಾದ್ರೆ ಒಂದೇ ಕೋಟು ಇಬ್ಬರು ಹಾಕ್ಕೊಳ್ತಿದ್ದೀರಿ.'
ಮೂವತ್ತಾರು ವರ್ಷದಿಂದ, ಎನ್ನಲಿಲ್ಲ.

ಟ್ರಾಮಿನಲ್ಲಿ ಕೂತು ಒಂದೊಂದೇ ಜೋಡಿಸಿದೆ.
ಶ್ರುತಿಕವೆಯ ಬುಡವನ್ನು ಈಚೆಗೆ ಅವನು
ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು.
ಎಡಕ್ಕೆ ನಾನು ಕೂತಾಗ
ಎಲ್ಲದಕ್ಕೂ ಹೂಂ, ಹೂಂ.
ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಾನೆಂದು
ಎಷ್ಟು ಜಗಳ ತೆಗೆದಿದ್ದೆ!
ಆ ಇನ್ನೊಂದರ ಬಾಗಿಲು ಎಂದೋ ಮುಚ್ಚಿತ್ತು.

ಕಿವುಡನ ಕೈಗೆ ಯಾರು ಪಿಯಾನೊ ಕೊಡುತ್ತಾರೆ?
ಊರಿಗೆ ಹೇಳಲಿಲ್ಲ, ಸರಿ. ನನಗೂ ಹೇಳಲಿಲ್ಲ.
ಯಂತ್ರಕ್ಕೆ ಹೇಳಿದ,
ರಾತ್ರಿ ಹನ್ನೊಂದಕ್ಕೆ, ಎರಡೇ ಬೆರಳಲ್ಲಿ.
ಬೆಳಗಾಗುವುದರೊಳಗೆ ಅದು ಇಡೀ ಸಂತೆಗೆ ಸಾರಿತ್ತು.
ಹಸಿರು ಗುಂಡಿ ಒತ್ತಿರುತ್ತಾನೆ: 'ಎಲ್ಲವನ್ನೂ ಒಪ್ಪುತ್ತೇನೆ.'
ದೊಡ್ಡದು ಅದು, ಕೈಗೆ ತಾನೇ ಸಿಗುತ್ತದೆ.
ಬೇಡವೆನ್ನುವ ದಾರಿ ಮಾತ್ರ
ಬೂದು ಅಕ್ಷರದ ಸಂದುಗೊಂದಿ.

ಅವನು ಕರೋಸ್ತಾ ಶಾಲೆಯ ಪಿಯಾನೊಗೆ ಹೋದ ದಿನ
ಕನ್ನಡಕ ಒರೆಸಿಕೊಂಡು ಕೂತೆ.
ಸೆಟ್ಟಿಂಗ್ಸ್, ಖಾಸಗಿತನ, ಸೈಟುಗಳ ಪಟ್ಟಿ.
ನಾನೂರ ಹನ್ನೆರಡು ಹೆಸರು!
ನಮ್ಮ ಮದುವೆಗೂ ಇಷ್ಟು ಜನ ಬಂದಿರಲಿಲ್ಲ.
ಎಲ್ಲ ಅಳಿಸಿದರೆ ಚದುರಂಗವೂ ಬಾಗಿಲು ಹಾಕಿ
ಪಾಸ್‌ವರ್ಡ್ ಕೇಳುತ್ತದೆ, ಅವನಿಗೆ ಗೊತ್ತಾಗುತ್ತದೆ.
ಬಟಾಣಿಯಲ್ಲಿ ಹುಳುಕು ಆರಿಸಿದ ಹಾಗೆ
ಒಂದೊಂದೇ ತೆಗೆದೆ.
ಚದುರಂಗ ಇರಲಿ. ಬ್ಯಾಂಕು ಇರಲಿ.
ಕಿವಿಯಂಗಡಿ, ನಡಿ. ಅದರ ಬೀಗರು, ನೆಂಟರು,
ಹೆಸರೇ ಉಚ್ಚರಿಸಲಾಗದ ದಲ್ಲಾಳಿಗಳು, ನಡೀರಿ.
ಮೂರನೆಯವರ ಚೀಟಿಗೆ ಇನ್ನು ಒಳಗೆ ಜಾಗವಿಲ್ಲ,
ಚಿಲಕ ಹಾಕಿದೆ.

ಅವನು ನೋಡಿದ ಪುಟಗಳ ಚರಿತ್ರೆ
ಪಕ್ಕದ ಗುಂಡಿಯಲ್ಲೇ ಇತ್ತು.
ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು.
ಅದು ಅವನದು.

ಮರುದಿನ ಹೆಣಿಗೆಯ ಪಕ್ಕದಲ್ಲಿ
ಹುಲ್ಲು ಕತ್ತರಿಸುವ ಯಂತ್ರ.
ನಾವಿರುವುದು ನಾಲ್ಕನೆಯ ಮಹಡಿ.
ಜೀವ ತಣ್ಣಗಾಯಿತು,
ನಾವು ಯಾರೆಂದು ಅದಕ್ಕೆ ಮರೆತುಹೋಗಿದೆ.

ರಾತ್ರಿ ನನ್ನ ಕುರ್ಚಿಯನ್ನು ಅವನ ಬಲಕ್ಕೆ ಎಳೆದುಕೊಂಡೆ.
'ಯಾಕೆ?' ಅಂದ.
'ಆ ಕಡೆ ಕಿಟಕಿ ಗಾಳಿ' ಅಂದೆ.
ಕೆಟಲು ಶಿಳ್ಳೆ ಹಾಕಿತು.
ಕುದುರೆಯನ್ನು ಎಲ್ಲಿಡಲೆಂದು
ಅವನು ಯೋಚಿಸುತ್ತಲೇ ಇದ್ದ.
ನನ್ನದೇ ಸರದಿ ಎಂಬಂತೆ ಎದ್ದು ಇಳಿಸಿದೆ.

ಹೇಳುತ್ತಾನೆ ಒಂದು ದಿನ.
ಹೇಳದಿದ್ದರೂ ಸರಿಯೇ ಎಂದು
ಇನ್ನೂ ನನಗೆ ಅನ್ನಿಸಿಲ್ಲ.

ಇವತ್ತು ಸತ್ತವರ ಪಟ್ಟಿಗೆ ಅಡ್ಡಲಾಗಿ
ಮತ್ತೆ ಆ ಫಲಕ ಎದ್ದಿದೆ:
'ನಿಮ್ಮ ಖಾಸಗಿತನ ನಮಗೆ ಅಮೂಲ್ಯ.'
ಗೊತ್ತಪ್ಪ. ಬೆಲೆಯನ್ನೂ ನೋಡಿದ್ದೇನೆ, ಕಂತಿನ ಲೆಕ್ಕದಲ್ಲಿ.
ಬೂದು ಅಕ್ಷರ ಹುಡುಕಿ ಒತ್ತಿದೆ:
ಅತ್ಯಗತ್ಯವಾದವು ಮಾತ್ರ.