ಬೂದಿಯ ನಕ್ಷೆ

ಆಂಟನನರಿವೊದಿಂದ ಎರಡು ದಿನ ಬಸ್ಸು, ಆಮೇಲೆ ದೋಣಿ,
ಆಮೇಲೆ ಮೊಣಕಾಲುದ್ದ ಕೆಸರು.
ನನ್ನ ಬ್ಯಾಗಿನಲ್ಲಿ ನಲವತ್ತು ಸೋಪು,
ನೊಣದ ಆರು ಕಾಲೂ ಎಣಿಸುವಷ್ಟು ದೊಡ್ಡದಾಗಿ ಬರೆದ ಪಟ,
ಯಾವ ಪ್ರಶ್ನೆಗೆ ಯಾವ ಉತ್ತರ ಎಂದು
ಪುಟ ಹಾಕಿಕೊಟ್ಟ ಕೈಪಿಡಿ.

ಊರಿನ ಹೆಸರು ಅಂಬುಹಿತ್ಸಾರಾ.
ಮಡಗಾಸ್ಕರದ ಮೂಡಣ ದಂಡೆ. ಲವಂಗ ಒಣಗುವ ವಾಸನೆ,
ಅದರಡಿ, ಗಾಳಿ ತಿರುಗಿದರೆ, ಇನ್ನೊಂದು.
ಆ ಇನ್ನೊಂದರ ಬಗ್ಗೆ ಮಾತಾಡಲು ಬಂದವಳು
ಮೂರು ದಿನ ಲವಂಗದ ಬಗ್ಗೆಯೇ ಮಾತಾಡಿದೆ.

ನಾಲ್ಕನೆಯ ದಿನ ಶಾಲೆಯ ಮುಂದಿನ ಬಯಲಲ್ಲಿ
ಮಕ್ಕಳು ಬೂದಿ ಸುರಿದು ಊರು ಬರೆದರು.
ಹೊಳೆಗೆ ನೀಲಿ ಬಟ್ಟೆ, ಮನೆಗೊಂದು ಬೆಣಚುಕಲ್ಲು,
ಬಾವಿಗೆ ಟೀಚರ್ ಫೆಲಾನಾಳ ಹುಲ್ಲಿನ ಟೋಪಿ.
"ಈಗ ಹೇಳಿ, ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತೀರಿ?"
ಕಿಸಿಕಿಸಿ. ಕೊನೆಗೊಬ್ಬ ಮೋಟು ಹುಡುಗ, ರಿವೂ,
ಬಾಳೆತೋಟದ ಹಿಂದೆ ಒಂದು ಚಿಟಿಕೆ ತೌಡು ಉದುರಿಸಿದ.
ಆಮೇಲೆ ನೋಡಬೇಕಿತ್ತು!
ತೌಡಿನ ಬುಟ್ಟಿ ಬರಿದು.

ಆಗ ಎದ್ದವನು ಜಾಫಿಮಾರು ಅಜ್ಜ.
"ಈ ನೆಲದೊಳಗೆ ಯಾರಿದ್ದಾರೆ ಗೊತ್ತೇನಮ್ಮ?
ನನ್ನಪ್ಪ, ಅವನಪ್ಪ, ಅವನಪ್ಪನ ಎತ್ತು ಕಾಯುತ್ತಿದ್ದವನು.
ಅವರ ತಲೆಯ ಮೇಲೆ ಗುಂಡಿ ತೋಡಿ
ಅದನ್ನು ತುಂಬು ಅನ್ನುತ್ತೀಯ?
ಫಾಡಿ."
ಕೂಡದು, ಎಂದು ಅರ್ಥ. ಒಂದೇ ಶಬ್ದ.
ಅದನ್ನು ದಾಟಿ ನಮ್ಮಲ್ಲಿ ಯಾರೂ
ಎರಡನೆಯ ಶಬ್ದ ಆಡುವುದಿಲ್ಲ.

ಕೈಪಿಡಿಯ ಹದಿನಾಲ್ಕನೆಯ ಪುಟದಲ್ಲಿ ಉತ್ತರವಿತ್ತು.
ತೆಗೆಯಲಿಲ್ಲ.
ನನ್ನಜ್ಜಿಯೂ ಇಂಥದೇ ನೆಲದಲ್ಲಿ ಮಲಗಿದ್ದಾಳೆ,
ಪುಟ ಹದಿನಾಲ್ಕನ್ನು ಅವಳೆದುರು ಓದುವ ಧೈರ್ಯ ನನಗಿಲ್ಲ.

ಅಷ್ಟರಲ್ಲಿ ಒಂದು ಕೋಳಿ ಬಂತು.
ಯಾರೂ ಕರೆಯದ, ಯಾವ ತರಬೇತಿಯೂ ಆಗದ ಕೋಳಿ.
ತೌಡು ಕಂಡಿತು, ಕೆದಕಿತು, ಕುಕ್ಕಿತು,
ಬಾಳೆಯ ಹಿಂದಿನಿಂದ ಹೊಳೆಗೆ, ಹೊಳೆ ದಾಟಿ ಬಾವಿಗೆ,
ಟೋಪಿ ಹತ್ತಿ ಒಮ್ಮೆ ಮೈ ಕೊಡವಿ,
ತೌಡಿನ ಹೆಜ್ಜೆಯಿಡುತ್ತ
ಒಂದು ಬೆಣಚುಕಲ್ಲಿನ ಮೇಲೆ ಬಂದು ನಿಂತಿತು.

ಅದು ಸುವಾವೆಲುವಿನ ಮನೆ.
ಹೋದ ಮಳೆಗಾಲ ಆ ಮನೆಯಿಂದ ಒಂದು ಸಣ್ಣ ಚಾಪೆ
ಸುತ್ತಿಕೊಂಡು ಹೊರಗೆ ಹೋಗಿತ್ತು.
ಎದ್ದು ಬಂದಳು. ಕೋಳಿಯನ್ನು ಓಡಿಸಲಿಲ್ಲ.
ಅದರ ಕಾಲಡಿಯ ಕಲ್ಲು ತೆಗೆದು, ಬಟ್ಟೆಯಂಚಿಗೆ ಒರೆಸಿ,
ಮುಷ್ಟಿಯಲ್ಲಿ ಹಿಡಿದು ಮನೆಗೆ ನಡೆದಳು.
ಒಬ್ಬೊಬ್ಬರೇ ತಮ್ಮ ತಮ್ಮ ಕಲ್ಲು ಎತ್ತಿಕೊಂಡರು.
ನಾನು ವರದಿಯಲ್ಲಿ 'ಚರ್ಚೆ ಫಲಪ್ರದ' ಎಂದು ಬರೆದೆ.

ಆ ರಾತ್ರಿ ಅಜ್ಜ ರಮ್ಮಿನ ಬಾಟಲಿಯೊಡನೆ
ಮನೆಯ ಈಶಾನ್ಯದ ಮೂಲೆಯಲ್ಲಿ ಕೂತು
ಹಿರಿಯರ ಹತ್ತಿರ ಬೆಳಗಿನ ತನಕ ಚೌಕಾಸಿ ನಡೆಸಿದನಂತೆ:
ನೀವಿಲ್ಲದ ಒಂದು ಜಾಗ ತೋರಿಸಿ,
ಮರಳಿನ ದಿಬ್ಬವಾದರೂ ಸರಿ.
ಮೊಮ್ಮಕ್ಕಳು ಹೀಗೆ ಬೇಗ ಬೇಗ ನಿಮ್ಮ ಪಕ್ಕಕ್ಕೆ ಬಂದರೆ
ನಿಮಗೆ ಎಡೆ ಇಡುವವರು ಯಾರು?

ಚಂಡಮಾರುತ ಕಳೆದ ಮೇಲೆ ಮತ್ತೆ ಹೋದೆ.
ಕಟ್ಟಿದ ಹತ್ತೊಂಬತ್ತರಲ್ಲಿ ಹನ್ನೊಂದು ನಿಂತಿದ್ದವು,
ಅದರಲ್ಲೊಂದರೊಳಗೆ ಲವಂಗದ ಮೂಟೆ.
ಶಾಲೆಯ ಹಿಂದೆ ಹುಡುಗಿಯರ ಕೋಣೆಗೆ ಬಾಗಿಲು,
ಒಳಗಿನಿಂದ ಚಿಲಕ. ಆ ಚಿಲಕಕ್ಕಾಗಿ ಫೆಲಾನಾ
ಪೇಟೆಗೆ ಎರಡು ಸಲ ನಡೆದಿದ್ದಳು.
ದಾರಕ್ಕೆ ತೂಗಿದ ಸೋಪನ್ನು ಇಲಿ ತಿಂದಿತ್ತು.
ಪಕ್ಕದ ತೆಂಗಿನ ಚಿಪ್ಪಿನಲ್ಲಿ ಬೂದಿ.
ನಕ್ಷೆಯ ಬೂದಿಯೇ, ಎಂದ ರಿವೂ. ಸುಳ್ಳು.

ನನ್ನ ನಮೂನೆಯಲ್ಲಿ ಎರಡೇ ಚೌಕ: ಬದಲಾಗಿದ್ದಾರೆ, ಇಲ್ಲ.
ಪೆನ್ನು ಹಿಡಿದು ನಿಂತಿದ್ದಾಗ
ದಿಬ್ಬದ ಮೇಲಿನ ತಾಳೆಗರಿಯ ಕೋಣೆಯ ಮುಂದೆ
ಅಜ್ಜ ಜೋರಾಗಿ ಕೆಮ್ಮಿದ.
ಒಳಗೆ ಯಾರೂ ಇಲ್ಲ, ಅಂದೆ.
"ಒಳಗಿನವರಿಗಲ್ಲ," ಅಂದ, "ಕೆಳಗಿನವರಿಗೆ.
ಸ್ವಲ್ಪ ಸರಿದುಕೊಳ್ಳಲಿ."

ಹೊರಬಂದವನು ಹಳದಿ ಕ್ಯಾನಿಗೆ ಹಗ್ಗ ಕಟ್ಟಿದ ಕೋಲನ್ನು
ಹೆಬ್ಬೆರಳಿನಿಂದ ತುಳಿದ. ಒಂದು ಹನಿಯೂ ಇಲ್ಲ.
ಎರಡು ಕೈಯನ್ನೂ ಮೈಯಿಂದ ದೂರ ಹಿಡಿದು
ಊರಿಗೆಲ್ಲ ಕೇಳುವಂತೆ
ರಿವೂವಿನ ಹೆಸರು ಕೂಗತೊಡಗಿದ.