ಮೂರು ಬಾಟಲಿಯ ದೂರ

ಸುರಬಾಯದಲ್ಲಿ ನಮ್ಮ ಬಸ್ಸಿಗೆ ಕಾಸು ಬೇಡ.
ದೊಡ್ಡ ಬಾಟಲಿ ಮೂರು, ಇಲ್ಲವೇ ಸಣ್ಣವು ಐದು,
ಪ್ಲಾಸ್ಟಿಕ್ ಲೋಟವಾದರೆ ಹತ್ತು.
ಜಜ್ಜಿರಬಾರದು, ಒಳಗೆ ಹನಿ ಇರಬಾರದು.
ನಾನು ಕಂಡಕ್ಟರು, ಹೆಸರು ವಿಂದಾರ್ತಿ.
ಹೆಗಲಿಗೆ ಚರ್ಮದ ಚೀಲವಿಲ್ಲ,
ಬೆನ್ನ ಹಿಂದೆ ಆಳೆತ್ತರದ ಡಬ್ಬಿ;
ತಿರುವು ಬಂದಾಗ ಅದರೊಳಗೆ
ದಿನದ ಕಲೆಕ್ಷನ್ನು ಗಡಗಡ ನಗುತ್ತದೆ.
"ಸಂಬಳವನ್ನೂ ಅದರಲ್ಲೇ ಕೊಡುತ್ತಾರೇನು?"
ನನ್ನ ಗಂಡ ಪ್ರತಿ ತಿಂಗಳೂ ಕೇಳುತ್ತಾನೆ,
ಪ್ರತಿ ತಿಂಗಳೂ ತಾನೇ ನಗುತ್ತಾನೆ.

ಈಗೀಗ ಬಾಟಲಿ ಮುಟ್ಟಿ ಮನೆ ಹೇಳಬಲ್ಲೆ.
ತೊಳೆದು, ಒರೆಸಿ, ಮುಚ್ಚಳ ಬಿಗಿದು ತರುವವಳು ಮೇಷ್ಟರ ಹೆಂಡತಿ.
ತಳದಲ್ಲಿ ಚಹಾದ ಕರೆ ಇದ್ದರೆ ಬಂದರಿನ ಹಮಾಲಿ.
ಕೆಸರು ನಾರುವವು ಕಾಲಿ ಮಾಸ್ ನದಿಯವು:
ಮೀನು ಬೀಳದ ದಿನ
ಹುಡುಗರು ಅದೇ ಬಲೆಯಲ್ಲಿ ಟಿಕೆಟ್ಟು ಹಿಡಿಯುತ್ತಾರೆ.

ಪೊನಿರಾ ಅಜ್ಜಿ ಹತ್ತುವುದು ವೊನೊಕ್ರೊಮೊ ಮಾರ್ಕೆಟ್ಟಿನ ಬಳಿ,
ಬಿಸಿಲಿನ್ನೂ ಹಲ್ಲು ಬಿಟ್ಟಿರುವ ನಾಲ್ಕು ಗಂಟೆಗೆ.
"ಎಲ್ಲಿಗಜ್ಜಿ?" ಎಂದಿದ್ದೆ ಮೊದಲ ದಿನ.
"ಇಲ್ಲಿಗೇ."
ಊರೆಲ್ಲ ಸುತ್ತಿ, ಹತ್ತಿದಲ್ಲೇ ಇಳಿದಳು.
ಅವಳ ಮನೆಗೆ ತಗಡಿನ ಮಾಡು,
ನಮ್ಮ ಬಸ್ಸಿಗೆ ಏಸಿ.
ಎರಡು ಗಂಟೆಯ ನಿದ್ದೆಗೆ
ಮೂರು ಬಾಟಲಿ ಬಾಡಿಗೆ.

ರಂಜಾನ್ ಬಂತೆಂದರೆ ನಮಗೆ ಬರ.
ಹಗಲು ಯಾರೂ ಗುಟುಕು ನೀರು ಕುಡಿಯುವುದಿಲ್ಲ;
ಕುಡಿಯದ ಊರು ಬಿಸಾಡುವುದೂ ಇಲ್ಲ.
ಚರಂಡಿ ಸಲೀಸು, ಡಬ್ಬಿ ಖಾಲಿ.
ಬೀದಿ ಚೊಕ್ಕವಾಗಿದೆಯೆಂದು ಬೇಸರಪಟ್ಟ
ಮೊದಲ ನಗರಸಭೆ ನೌಕರಳು ನಾನೇ ಇರಬೇಕು.
ಒಂದು ದಿನ ಊರು ನಿಜಕ್ಕೂ ಸ್ವಚ್ಛವಾದರೆ
ಅಜ್ಜಿ ಎಲ್ಲಿ ಮಲಗುತ್ತಾಳೆ?
ಈ ಪ್ರಶ್ನೆಯನ್ನು ಸಾಹೇಬರಿಗೆ ಕೇಳಬಾರದು,
ಕೇಳಿಲ್ಲ.

ಇಪ್ಪತ್ತೊಂದನೆಯ ಉಪವಾಸ. ಅಜ್ಜಿ ತಂದದ್ದು ಎರಡೇ.
"ಇನ್ನೊಂದು?" ಎಂದರೆ
ಹೆಗಲ ವಸ್ತ್ರ ಕೊಡವಿ ತೋರಿಸಿದಳು,
ಮಡಿಕೆಯಲ್ಲೆಲ್ಲೋ ಬಾಟಲಿ ಸಿಕ್ಕಿಕೊಂಡಿದ್ದೀತು ಎಂಬಂತೆ.

ನನ್ನ ಹತ್ತಿರ ಒಂದಿತ್ತು. ತುಂಬಿದ್ದು.
ಸಂಜೆ ಉಪವಾಸ ಬಿಡಲು ಇಟ್ಟ ನೀರು.
ಕುಡಿದು ಖಾಲಿ ಮಾಡೋಣವೆಂದರೆ ಸೂರ್ಯ ಇನ್ನೂ ಮೇಲೆ.
ಚೆಲ್ಲೋಣವೆಂದರೆ ಕೈ ಬಾರದು.
ಲೆಕ್ಕ ಬಿಡೋಣವೆಂದರೆ ಡಿಪೋದಲ್ಲಿ ಹರ್ಯಾದಿ
ತನ್ನ ಹಲ್ಲು ತಾನೇ ಎಣಿಸಿಕೊಳ್ಳುವವನ ಹಾಗೆ
ಒಂದೊಂದನ್ನೂ ಎಣಿಸುತ್ತಾನೆ.

ಡ್ರೈವರು ಕಸ್ಮನ್ ಕನ್ನಡಿಯಲ್ಲಿ ನೋಡುತ್ತಿದ್ದ.
"ವೈಪರಿನ ಟ್ಯಾಂಕು ಬತ್ತಿ ವಾರವಾಯಿತು" ಎಂದ
ಯಾರಿಗೂ ಅಲ್ಲದ ದನಿಯಲ್ಲಿ.

ಸಿಗ್ನಲ್ಲಿನಲ್ಲಿ ಇಳಿದು ಮುಚ್ಚಳ ತಿರುಗಿಸಿ ಸುರಿದೆ.
ಗುಳುಗುಳು ಸದ್ದಿಗೆ ನನ್ನ ಗಂಟಲೂ
ಒಮ್ಮೆ ಮೇಲೇರಿ ಇಳಿಯಿತು.
ಗಾಜಿನ ಧೂಳು ಎರಡು ಕಮಾನಾಗಿ ಸರಿದು
ಎದುರಿನ ರಸ್ತೆ ಹೊಸದಾಗಿ ಕಂಡಿತು.
ಮೂರು, ಎಂದು ಬರೆದುಕೊಂಡೆ.
ಅಜ್ಜಿ ಆಗಲೇ ನಿದ್ದೆ.

ಕೆಂಪು ಸೇತುವೆಯ ಹತ್ತಿರ ಟ್ರಾಫಿಕ್ಕು ಕಟ್ಟಿತ್ತು,
ಬಾಂಗು ಕೇಳಿತು.
ರಸ್ತೆಬದಿಯ ಹುಡುಗರು ಬಾಗಿಲು ಬಡಿದು
ಸೀಟಿಗೆ ಒಂದರಂತೆ ಖರ್ಜೂರ, ನೀರು ಹಂಚಿ ಓಡಿದರು.
ಆಮೇಲೆ ಆ ಸದ್ದು. ಟಕ್. ಟಕ್ ಟಕ್.
ನಮ್ಮ ಬಸ್ಸಿನಲ್ಲಿ, ಪಕ್ಕದ ಲಾರಿಯಲ್ಲಿ,
ಮಸೀದಿಯ ಮೆಟ್ಟಿಲ ಮೇಲೆ, ನಿಂತ ಸ್ಕೂಟರುಗಳ ಮೇಲೆ
ಇಡೀ ಊರಿನ ಮುಚ್ಚಳ ಒಟ್ಟಿಗೆ ತಿರುಗಿತು.

ಕುಡಿದೆ.
ಆ ಮೊದಲ ಗುಟುಕಿನ ಬಗ್ಗೆ ಬರೆಯಲಾರೆ.
ತಲೆ ಎತ್ತಿದರೆ ಅಜ್ಜಿಗೆ ಎಚ್ಚರವಾಗಿದೆ,
ಅವಳ ನೀರು ಮಡಿಲಲ್ಲಿ ಹಾಗೇ ಇದೆ.
ಕಣ್ಣರಳಿಸಿ ಸೀಟಿನಿಂದ ಸೀಟಿಗೆ
ನಮ್ಮೆಲ್ಲರ ಕೈ ನೋಡುತ್ತಿದ್ದಾಳೆ,
ತುಟಿಯಲ್ಲೇ ಎಣಿಸುತ್ತ
ಬುಧವಾರ,
ಗುರುವಾರ,
ಶುಕ್ರವಾರ.