ಶಿಫಾರಸು

ಫೆಬ್ರವರಿಯ ರಾತ್ರಿ. ಕೋಡಿಯಾಕ್ ಬಂದರಿನಲ್ಲಿ
ದೋಣಿಯ ಹಗ್ಗಗಳು ಹಿಮ ಹಿಡಿದು ಬೆತ್ತದಂತೆ ಬಿಗಿದಿವೆ.
ಶಾಲೆಯಲ್ಲಿ ಉಳಿದದ್ದು ನಾನು, ನೆಲ ಒರೆಸುವ ಯಂತ್ರ,
ಮತ್ತು ಪರದೆಯ ಮೇಲೊಂದು ಪ್ರಶ್ನೆ:

ನೀವು ಈವರೆಗೆ ಕಲಿಸಿದವರಲ್ಲಿ ಈ ವಿದ್ಯಾರ್ಥಿನಿ
ನೂರಕ್ಕೆ ಒಬ್ಬಳೋ, ಐವರಲ್ಲಿ ಸೇರುವವಳೋ, ಹತ್ತರೊಳಗೋ?
ಒಂದು ಚೌಕಕ್ಕೆ ಮಾತ್ರ ಗುರುತು ಹಾಕಿ.

ನನ್ನ ತರಗತಿಯಲ್ಲಿರುವುದೇ ಹದಿಮೂರು ಜನ.
ಏಡಿ ಹಿಡಿಯುವ ಕಾಲ ಬಂದರೆ ಒಂಬತ್ತು.

ಜೊವೆಲಿನ್ ಡುಮ್ಲಾವ್. ಹದಿನಾರು ತುಂಬಿದೆ.
ಬೇಡುತ್ತಿರುವುದು ಆರು ವಾರ, ದೂರದ ಒಂದು ವಿಶ್ವವಿದ್ಯಾಲಯ,
ಬೇಸಿಗೆಯಿಡೀ ಗಣಿತ, ಗಣಿತ ಬಿಟ್ಟರೆ ಗಣಿತ.
ಇಡೀ ದೇಶಕ್ಕೆ ಅರವತ್ತು ಹಾಸಿಗೆ.
ಅರ್ಜಿ ಹಾಕುವ ಕೆಲವರಿಗೆ ಏಳನೇ ವಯಸ್ಸಿನಿಂದಲೇ
ಪಾಠ ಹೇಳಲು ಮೇಷ್ಟ್ರು ಮನೆಗೇ ಬರುತ್ತಾರಂತೆ.
ಇವಳ ಮನೆಗೆ ಬರುವುದು ರಬ್ಬರ್ ಬೂಟಿನ ಸದ್ದು,
ಮುಂಜಾನೆ ನಾಲ್ಕಕ್ಕೆ,
ಸದ್ದಿನ ಹಿಂದೆ ಅಮ್ಮ.

ಎರಡು ಸಾವಿರ ಅಕ್ಷರ ಮೀರಬಾರದು. ಏನು ಬರೆಯಲಿ?
ಹೋದ ಜುಲೈ. ಕಾರ್ಖಾನೆಯಲ್ಲಿ ಮೀನು ಸೀಳುವ ಮೇಜು, ಸುತ್ತ ಆರು ಜನ,
ಅರ್ಧಕ್ಕರ್ಧ ಹೊಸಬರು, ಭಾಷೆ ನಾಲ್ಕು.
ಊಟದ ಬಿಡುವಿನಲ್ಲಿ ರಟ್ಟು ಹರಿದು ಆರು ಚುಕ್ಕೆ ಇಟ್ಟಳಂತೆ.
"ಯಾವ ಆರು ಜನ ಸೇರಿದ್ರೂ
ಮೂವರಾದ್ರೂ ಒಬ್ಬರಿಗೊಬ್ಬರು ಗೊತ್ತಿರ್ತಾರೆ, ಇಲ್ಲಾ
ಮೂವರು ಒಬ್ಬರಿಗೊಬ್ಬರು ಗೊತ್ತೇ ಇರಲ್ಲ.
ತಪ್ಪಿಸಿಕೊಳ್ಳೋಕಾಗಲ್ಲ, ಮಿಸ್ಟರ್ ಲಿಂಡ್‌ಕ್ವಿಸ್ಟ್."
ಇದು ಹಳೆಯ ಪ್ರಮೇಯ, ಪುಸ್ತಕದಲ್ಲಿದೆ
ಎಂದು ನಾನು ಬಾಯಿ ಬಿಡಲಿಲ್ಲ.
ರಟ್ಟಿಗೆ ಸಾಲ್ಮನ್ ನೆತ್ತರು ಮೆತ್ತಿತ್ತು.
ತರ್ಕ ಒರೆಸಿಟ್ಟಷ್ಟು ಚೊಕ್ಕಟ.

ಅವಳ ಪಾಲಿಗೂ ಒಂದು ಪ್ರಬಂಧ, ಇನ್ನೂರೈವತ್ತು ಪದ:
ನೀನು ಎದುರಿಸಿದ ಕಷ್ಟವೊಂದನ್ನು ವಿವರಿಸು.
ಪೆನ್ಸಿಲ್ ಕಚ್ಚಿ ಕೂತಳು.
"ಕಷ್ಟ ಅಂತ ಏನಿಲ್ಲ. ಕೆಲಸ ಇದೆ."
ಅದನ್ನೇ ಬರಿ, ಎಂದೆ.
"ಹಾಗಾದ್ರೆ ಇನ್ನೂ ಇನ್ನೂರ ನಲವತ್ತೈದು ಬೇಕು."

ಅಮ್ಮ ಸಹಿ ಹಾಕಲು ಬಂದಾಗ
ಜುಲೈ ತಿಂಗಳ ಓವರ್‌ಟೈಮ್ ಮನಸ್ಸಿನಲ್ಲೇ ಕೂಡಿದ್ದು ಕಂಡಿತು.
ಕೇಳಿದ್ದು ಒಂದೇ: "ಅಲ್ಲಿ ಚೆನ್ನಾಗಿ ಮಾಡಿದ್ರೆ ಏನು ಕೊಡ್ತಾರೆ?"
ಇನ್ನೂ ಕಷ್ಟದ ಲೆಕ್ಕ ಕೊಡ್ತಾರೆ, ಎಂದೆ.
ಜೋರಾಗಿ ನಕ್ಕಳು. ನಕ್ಕು ಸಹಿ ಹಾಕಿದಳು.

ಆ ರಾತ್ರಿ ಮೊದಲನೇ ಚೌಕಕ್ಕೆ ಗುರುತು ಹಾಕಿದೆ.
ಪತ್ರ ಹೋಯಿತು.

ಏಪ್ರಿಲ್ ಬಂತು, ಉತ್ತರ ಬರಲಿಲ್ಲ. ಫೋನ್ ಮಾಡಿದೆ.
ಆ ಕಡೆಯ ದನಿ ಮೆತ್ತಗೆ ಹೇಳಿತು:
ನಿಮ್ಮ ಪತ್ರ ತಲುಪಿದೆ, ಸರ್.
ಅರ್ಜಿಯೇ ಬಂದಿಲ್ಲ.

ಲಾಕರಿನ ಬಳಿ ನಿಲ್ಲಿಸಿ ಕೇಳಿದರೆ
ನನ್ನ ಬೂಟಿನ ಲಾಡಿ ನೋಡುತ್ತ ಅಂದಳು,
"ಐದನೇ ಲೆಕ್ಕ ಬಗೆಹರಿಯಲಿಲ್ಲ.
ಅರ್ಧ ಸೀಳಿದ ಮೀನನ್ನ ಮುಂದಿನ ಮೇಜಿಗೆ ತಳ್ಳಬಾರದು."

ಎಲ್ಲವನ್ನೂ ಬಿಡಿಸಬೇಕಿಲ್ಲ, ಆದಷ್ಟು ಕಳಿಸಿ:
ಸೂಚನೆಯ ಮೂರನೇ ಪುಟದಲ್ಲಿ, ಸಣ್ಣಕ್ಷರದಲ್ಲಿತ್ತು.
ನಾನು ಓದಿದ್ದೆ.
ಬಾಯಿಬಿಟ್ಟು ಹೇಳಬೇಕಾದ ಮಾತೆಂದು ಹೊಳೆಯಲಿಲ್ಲ.
ಮೇಷ್ಟ್ರ ಮಗ ನಾನು. ಅರೆಬರೆಯನ್ನು
ತಲೆಯೆತ್ತಿ ಕಳಿಸುವುದು ಹೇಗೆಂದು
ನಮ್ಮ ಮನೆಯಲ್ಲಿ ಹುಟ್ಟುವಾಗಲೇ ಗೊತ್ತಿತ್ತು.

ಸೆಪ್ಟೆಂಬರ್. ಬೆರಳಿಗೆ ಎರಡು ಹೊಸ ಗಾಯ.
ಪ್ಲಾಸ್ಟಿಕ್ ಚೀಲದಿಂದ ಒಂದು ರಟ್ಟು ತೆಗೆದು ಮೇಜಿನ ಮೇಲಿಟ್ಟಳು.
"ಐದನೇದು."
ಇಪ್ಪತ್ತಾರು ವರ್ಷ ಪಾಠ ಹೇಳಿದವನು
ಎಂಟನೇ ಸಾಲಿಗೆ ಬಂದು ನಿಂತುಬಿಟ್ಟೆ,
ತಪ್ಪು ಅಲ್ಲಿದೆಯೋ ನನ್ನಲ್ಲಿದೆಯೋ ತಿಳಿಯದೆ.
ಹೊತ್ತು ತಳ್ಳಲು ಹೇಳಿದೆ:
ಮುಂದಿನ ಸಾಲಿನ ಅರ್ಜಿ ಜನವರಿಗೆ ಶುರು.

"ಅದಿರಲಿ," ಎಂದಳು, ಇನ್ನೂ ನಿಂತೇ,
"ಎಂಟನೇ ಸಾಲು ಸರಿ ಇದೆಯಾ?"